ಸೇಂಟ್ ಮೇರಿಸ್ ದ್ವೀಪ ಪ್ರವಾಸದ ಋತುಮಾನ

ಉಡುಪಿ ಜಿಲ್ಲೆಯ ಮಲ್ಪೆ ಸಮೀಪ ಅರಬ್ಬೀ ಸಮುದ್ರದಲ್ಲಿರುವ ಸೇಂಟ್ ಮೇರಿಸ್ ದ್ವೀಪಕ್ಕೆ ಮುಂಗಾರಿನ ಅವಧಿಯಲ್ಲಿ, ಸಾಮಾನ್ಯವಾಗಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಪ್ರವಾಸಿ ದೋಣಿಗಳ ಸಂಚಾರವಿರುವುದಿಲ್ಲ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳಿಂದ ಹೊರಡುವವರು ಊರಿನ ಮಳೆಯನ್ನಷ್ಟೇ ನೋಡಿ ದಿನ ನಿಶ್ಚಯಿಸುವುದು ಸರಿಯಲ್ಲ. ದೂರದ ಗಾಳಿಯಿಂದ ಎದ್ದ ಅಲೆಗಳು ದಡ ತಲಪಲು ಸಮಯ ಹಿಡಿಯುವುದರಿಂದ, ಆಟಿ ತಿಂಗಳಲ್ಲಿ ಬಿಸಿಲು ಬಿದ್ದ ದಿನವೂ ಕಡಲು ಪ್ರಕ್ಷುಬ್ಧವಾಗಿರಬಹುದು. ಜುಲೈ 31ಕ್ಕೆ ಮುಗಿಯುವ ಯಾಂತ್ರೀಕೃತ ಮೀನುಗಾರಿಕೆಯ ನಿಷೇಧವೂ ಇದಕ್ಕೆ ಅಳತೆಗೋಲಲ್ಲ. ಅದರ ಮುಖ್ಯ ಉದ್ದೇಶ ಮೀನುಗಳ ಸಂತಾನೋತ್ಪತ್ತಿಯ ರಕ್ಷಣೆ.

ಡಿಸೆಂಬರ್‌ನಿಂದ ಫೆಬ್ರವರಿಯವರೆಗಿನ ಕಾಲ ಅತ್ಯಂತ ಅನುಕೂಲಕರ. ಅಕ್ಟೋಬರ್‌ನಲ್ಲಿ ಮಧ್ಯಾಹ್ನದ ಬಳಿಕ ಗುಡುಗು ಮಳೆಯ ಸಂಭವವಿರುವುದರಿಂದ ಬೆಳಗಿನ ದೋಣಿ ಲೇಸು. ಏಪ್ರಿಲ್–ಮೇ ತಿಂಗಳಲ್ಲಿ ದ್ವೀಪದ ಪ್ರಸಿದ್ಧ ಸ್ತಂಭಾಕಾರದ ಲಾವಾ ಶಿಲೆಗಳು ಸುಡುತ್ತವೆ. ಮುಂಗಾರಿಗೆ ಮೊದಲೇ ಚಂಡಮಾರುತವೂ ಬರಬಹುದು: 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತದಿಂದ ಈ ಕರಾವಳಿಯಲ್ಲಿ ಕಡಲ್ಕೊರೆತ ಉಂಟಾಗಿತ್ತು.