ಅಲೀಪುರದ ಪಕ್ಕದಲ್ಲೇ ಇಂಟರ್ನ್‌ಶಿಪ್

ಅಲೀಪುರದವರು ಇಂಟರ್ನ್‌ಶಿಪ್‌ಗೆ ಬೆಂಗಳೂರು ಬಸ್ಸೇ ಹತ್ತಬೇಕಾ? ತಡೀರಿ. ನಮ್ಮ ಗೌರಿಬಿದನೂರಿನ ರೇಡಿಯೊ ವೀಕ್ಷಣಾಲಯದ ಆಂಟೆನಾ ಸಾಲು 1997ರಿಂದ ಸೂರ್ಯನ ರೇಡಿಯೊ ಅಲೆ ಹಿಡೀತಿದೆ! ನಡೆಸೋದು ಭಾರತೀಯ ಖಭೌತ ವಿಜ್ಞಾನ ಸಂಸ್ಥೆ. ವಿದ್ಯಾರ್ಥಿಗಳಿಗೆ ಅಂತಲೇ ಸಂಸ್ಥೆಯ ಕಾರ್ಯಕ್ರಮ ಇದೆ. ಪ್ರಕಟಣೆ, ಕೊನೆ ದಿನಾಂಕ ಅವರ ಜಾಲತಾಣದಲ್ಲೇ ನೋಡಿ.

ವಿಜ್ಞಾನಿಗಳಿಗೆ ನೇರವಾಗಿ ಬರೀತೀರಾ? ಬಯೋಡೇಟಾನ ಐವತ್ತು ಜನಕ್ಕೆ ಒಟ್ಟಿಗೇ ಕಳಿಸಬೇಡಿ, ಅದೇನು ಮದುವೆ ಕರೆಯೋಲೆನಾ? ಒಬ್ಬ ವಿಜ್ಞಾನಿಯ ಒಂದು ಪ್ರಬಂಧ ಓದಿ. ಆಮೇಲೆ ಹೀಗೆ ಬರೀರಿ: "ಸರ್, ನಿಮ್ಮ ಮೂರನೇ ಗ್ರಾಫನ್ನ ಪೈಥಾನ್‌ನಲ್ಲಿ ಬಿಡಿಸಿದೆ, ಕೊನೇ ತಿರುವು ಹೊಂದ್ತಿಲ್ಲ. ಕೋಡ್ ಲಗತ್ತಿಸಿದ್ದೇನೆ." ಇಷ್ಟೇ ಸಾಕು. ಉತ್ತರ ಬರ್ಲಿಲ್ವಾ? ಹತ್ತು ದಿನ ಬಿಟ್ಟು ಒಂದು ನೆನಪೋಲೆ.

ಕಾಲೇಜಿನ ಅನುಮತಿ ಪತ್ರ ಈಗಲೇ ಕೇಳಿಡಿ, ಸಹಿ ಬೀಳೋಕೆ ಟೈಮ್ ಹಿಡಿಯುತ್ತೆ.

ಸರ್ಟಿಫಿಕೇಟ್‌ಗೆ ಮೊದಲೇ ದುಡ್ಡು ಕಟ್ಟಿ ಅನ್ನೋರು ಸಿಗ್ತಾರೆ. ಹರಳು ವ್ಯಾಪಾರದ ಊರಿನವರಿಗೆ ನಕಲಿ ಗುರುತಿಸೋದನ್ನ ನಾನು ಹೇಳ್ಕೊಡಬೇಕಾ?