ಡಿಕ್ಕಿಯೊಳಗಣ ನಾದದ ಗುಡಾಣ

ಸಂಜೆಯ ಹೊತ್ತು ನಮ್ಮ ಜೂಜುವಾಡಿಯ ಹೆದ್ದಾರಿಯ ಅಂಚಿನಲ್ಲಿ ನಿಂತವರಿಗೆಲ್ಲ ಆಗಿರತಕ್ಕ ಅನುಭವವೊಂದುಂಟು. ಅತ್ತಿಬೆಲೆಯ ಕಡೆಯಿಂದ ಗಡಿಯನ್ನು ದಾಟಿ ಹೊಸೂರಿನತ್ತ ಸಾಗುವ ವಾಹನಗಳ ಸಾಲಿನಲ್ಲಿ ಯಾವುದೋ ಒಂದು ಕಾರು, ಗಾಜುಗಳನ್ನೆಲ್ಲ ಮುಚ್ಚಿಕೊಂಡಿದ್ದರೂ, ಎದೆಗೆ ಗುದ್ದಿದಂತೆ ‘ಧುಮ್, ಧುಮ್’ ಎನ್ನುತ್ತ ಹಾದುಹೋಗುತ್ತದೆ. ಹಾಡು ಯಾವುದೆಂದು ತಿಳಿಯದು, ಹಾಡುವವರ ದನಿ ಕೇಳಿಸದು. ಆ ಗುದ್ದು ಮಾತ್ರ ಅಂಗಡಿಯ ಗಾಜಿನ ಭರಣಿಗಳನ್ನು ನಡುಗಿಸಿ ಮುಂದೆ ಸಾಗುತ್ತದೆ. ಹಿರಿಯರು ಗೊಣಗುತ್ತಾರೆ, ಹುಡುಗರು ಕಣ್ಣರಳಿಸಿ ನೋಡುತ್ತಾರೆ.

ಆ ಸದ್ದಿನ ಮೂಲವು ಕಾರಿನ ಹಿಂಬದಿಯ ಡಿಕ್ಕಿಯಲ್ಲಿದೆ. ಮಂದ್ರ ಸ್ವರಗಳನ್ನು ಮಾತ್ರ ನುಡಿಸುವ ದೊಡ್ಡ ಸ್ಪೀಕರಿಗೆ ಸಬ್‌ವೂಫರ್ ಎಂದು ಹೆಸರು. ಅದನ್ನು ಕೂರಿಸುವ ಪೆಟ್ಟಿಗೆಯನ್ನು ಕೆಲವರು ಗಾಜಿನ ನಾರಿನಿಂದ, ಎಂದರೆ ಫೈಬರ್‌ಗ್ಲಾಸಿನಿಂದ, ಆಯಾ ಕಾರಿನ ಅಳತೆಗೆ ತಕ್ಕಂತೆ ಕೈಯಿಂದಲೇ ಮಾಡುತ್ತಾರೆ. ನಮ್ಮ ಶಾಲೆಯಲ್ಲಿ ಓದಿದ ಹುಡುಗನೊಬ್ಬನು ಈ ಕೆಲಸವನ್ನು ಕಲಿಯಲು ಒಂದು ಶೆಡ್ಡಿಗೆ ಸೇರಿದ್ದನು. ಮೂರು ತಿಂಗಳು ಕಳೆಯುವಷ್ಟರಲ್ಲಿ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮನೆಗೆ ಬಂದನು. ಅವನ ತಾಯಿ ನಮ್ಮಲ್ಲಿಗೆ ಬಂದು, “ಮೇಷ್ಟ್ರೇ, ಹಾಡಿನ ಪೆಟ್ಟಿಗೆ ಮಾಡೋ ಕೆಲಸದಾಗೆ ಕಣ್ಣು ಸುಡೋವಂಥದ್ದು ಏನೈತೆ?” ಎಂದು ಕೇಳಿದರು. ಆ ದಿನ ನಮಗೆ ಸರಿಯಾದ ಉತ್ತರವನ್ನು ಕೊಡಲಾಗಲಿಲ್ಲ. ಅನಂತರ ಕೇಳಿ, ಓದಿ, ಕಣ್ಣಾರೆ ನೋಡಿ ತಿಳಿದುಕೊಂಡುದನ್ನು ಇಲ್ಲಿ ಬರೆದಿದ್ದೇವೆ.

ಮೊದಲಿಗೆ, ಪೆಟ್ಟಿಗೆಯಾದರೂ ಏಕೆ ಬೇಕು? ಹಳೆಯ ರೇಡಿಯೋವಿನಿಂದ ಕಳಚಿದ ಸ್ಪೀಕರೊಂದನ್ನು ಬರಿಗೈಯಲ್ಲಿ ಹಿಡಿದು ಹಾಡಿಸಿದರೆ ದನಿ ತೆಳ್ಳಗೆ, ತಗಡನ್ನು ಬಡಿದಂತೆ ಕೇಳಿಸುತ್ತದೆ. ಅಗಲವಾದ ದಪ್ಪ ರಟ್ಟಿನಲ್ಲಿ ಸ್ಪೀಕರಿನ ಬಾಯಿಯಷ್ಟೇ ತೂತು ಕೊರೆದು, ಅದರ ಹಿಂದೆ ಇದನ್ನು ಒತ್ತಿ ಹಿಡಿದು ನೋಡಿರಿ. ದನಿ ಒಮ್ಮೆಲೇ ತುಂಬಿಕೊಳ್ಳುತ್ತದೆ. ಸ್ಪೀಕರಿನ ಕಾಗದದ ಬಟ್ಟಲು ಮುಂದಕ್ಕೆ ಸರಿದಾಗ ಮುಂದಿನ ಗಾಳಿಯನ್ನು ಒತ್ತುತ್ತದೆ. ಅದೇ ಗಳಿಗೆಯಲ್ಲಿ ಹಿಂದಿನ ಗಾಳಿಯು ಸಡಿಲವಾಗುತ್ತದೆ. ತಡೆಯಿಲ್ಲದಿದ್ದರೆ ಮುಂದಿನ ಒತ್ತಡವು ಅಂಚನ್ನು ಸುತ್ತಿಕೊಂಡು ಹಿಂದಿನ ಸಡಿಲನ್ನು ತುಂಬಿಬಿಡುತ್ತದೆ. ಕೂಡಿದ್ದು ಕಳೆದದ್ದು ಸರಿಹೋಗಿ ಉಳಿಯುವುದು ಸೊನ್ನೆ. ಮಂದ್ರ ಸ್ವರಗಳಲ್ಲಿ ಈ ನಷ್ಟ ಹೆಚ್ಚು, ಏಕೆಂದರೆ ಅವುಗಳ ಅಲೆ ಬಲು ಉದ್ದ. ಶಬ್ದವು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು ೩೪೦ ಮೀಟರು ಸಾಗುತ್ತದೆ. ಸೆಕೆಂಡಿಗೆ ೪೦ ಸಲ ಕಂಪಿಸುವ ಸ್ವರದ ಅಲೆ ಎಂಟೂವರೆ ಮೀಟರು ಉದ್ದವಾದರೆ, ೪೦೦೦ ಸಲ ಕಂಪಿಸುವ ಸ್ವರದ ಅಲೆ ಎಂಟೂವರೆ ಸೆಂಟಿಮೀಟರು ಮಾತ್ರ. ಮುಚ್ಚಿದ ಕಾರಿನಿಂದ ಗುದ್ದು ಹೊರಬಂದು ಹಾಡು ಒಳಗೇ ಉಳಿಯುವುದೂ ಈ ಭೇದದಿಂದಲೇ. ತಗಡು ಗಾಜುಗಳು ಮೇಲಿನ ಸ್ವರಗಳನ್ನು ತಡೆದು ನಿಲ್ಲಿಸುತ್ತವೆ. ನಿಧಾನವಾದ ಕಂಪನಕ್ಕೆ ತಾವೇ ಮಣಿದು ಅದರೊಡನೆ ನಡುಗುತ್ತವೆ.

ಆದುದರಿಂದ ಸ್ಪೀಕರಿನ ಬೆನ್ನನ್ನು ಮುಚ್ಚಬೇಕು. ಆದರೆ ಮುಚ್ಚಿದೊಡನೆ ಇನ್ನೊಂದು ಸಂಗತಿ ಎದುರಾಗುತ್ತದೆ. ಸೈಕಲ್ ಪಂಪಿನ ಬಾಯಿಯನ್ನು ಬೆರಳಿನಿಂದ ಒತ್ತಿಹಿಡಿದು ಹಿಡಿಯನ್ನು ತಳ್ಳಿದ ಬಾಲಕರೆಲ್ಲರೂ ಬಲ್ಲರು: ಸಿಕ್ಕಿಕೊಂಡ ಗಾಳಿಯು ಸ್ಪ್ರಿಂಗಿನಂತೆ ಮರಳಿ ತಳ್ಳುತ್ತದೆ. ಪೆಟ್ಟಿಗೆ ಚಿಕ್ಕದಾದಷ್ಟೂ ಈ ಸ್ಪ್ರಿಂಗು ಬಿಗಿ; ಬಿಗಿಯಾದಷ್ಟೂ ಸ್ವರವು ಮೇಲಕ್ಕೆ ಸರಿಯುತ್ತದೆ. ನಲ್ಲಿಯ ಕೆಳಗಿಟ್ಟ ಕೊಡವು ತುಂಬುತ್ತ ಬಂದಂತೆ ಅದರ ಸದ್ದು ಏರುತ್ತ ಹೋಗುವುದನ್ನು ಕೇಳಿ ನಮ್ಮ ತಾಯಂದಿರು ಅಡಿಗೆಮನೆಯಿಂದಲೇ “ಕೊಡ ತುಂಬಿತು” ಎನ್ನುತ್ತಾರೆ. ಅಲ್ಲಿಯೂ ಉಳಿದ ಗಾಳಿಯ ಪ್ರಮಾಣವೇ ಸ್ವರವನ್ನು ನಿರ್ಣಯಿಸುತ್ತದೆ. ವೀಣೆಯ ಕುಡವೂ ಘಟವೂ ಒಳಗಿನ ಬರಿದಾದ ಜಾಗದಿಂದಲೇ ದನಿಯನ್ನು ತುಂಬಿಕೊಳ್ಳುತ್ತವೆ.

ಗಾಳಿಯ ಈ ಸ್ಪ್ರಿಂಗನ್ನು ಬೇಕೆಂದೇ ಬಳಸಿಕೊಂಡು, ಬಿಗಿಯಾಗಿ ಮುಚ್ಚಿದ ಚಿಕ್ಕ ಪೆಟ್ಟಿಗೆಯಿಂದ ಮಂದ್ರವನ್ನು ಹೊರಡಿಸುವ ಉಪಾಯವನ್ನು ಅಮೆರಿಕದ ಎಡ್ಗರ್ ವಿಲ್ಚರ್ ಎಂಬವರು ೧೯೫೪ರಲ್ಲಿ ಬಳಕೆಗೆ ತಂದರು. ೧೯೬೧ರಲ್ಲಿ ಆಸ್ಟ್ರೇಲಿಯದ ನೆವಿಲ್ ಥೀಲ್ ಎಂಬ ಇಂಜಿನಿಯರರೂ, ೧೯೭೦ರ ದಶಕದಲ್ಲಿ ರಿಚರ್ಡ್ ಸ್ಮಾಲ್ ಎಂಬವರೂ ಪೆಟ್ಟಿಗೆಯ ಲೆಕ್ಕವನ್ನು ಕ್ರಮಪಡಿಸಿದರು. ಮೇಲಿನ ತರಗತಿಯವರು ಒಂದು ಲೆಕ್ಕವನ್ನು ಮಾಡಿ ನೋಡಬಹುದು. ಸ್ಪೀಕರು ತನ್ನಷ್ಟಕ್ಕೆ ಸೆಕೆಂಡಿಗೆ ೩೦ ಸಲ ಕಂಪಿಸತಕ್ಕದ್ದು, ಅದರ ಬಿಗಿತವು ೫೬ ಲೀಟರು ಗಾಳಿಯ ಬಿಗಿತಕ್ಕೆ ಸಮ ಎಂದಿಟ್ಟುಕೊಳ್ಳೋಣ. ೫೬ನ್ನು ಪೆಟ್ಟಿಗೆಯ ಲೀಟರುಗಳಿಂದ ಭಾಗಿಸಿ, ಒಂದನ್ನು ಕೂಡಿಸಿ, ವರ್ಗಮೂಲ ತೆಗೆದು, ೩೦ರಿಂದ ಗುಣಿಸಬೇಕು. ೨೮ ಲೀಟರಿನ ಪೆಟ್ಟಿಗೆಯಲ್ಲಿ ಉತ್ತರ ೫೨. ೧೪ ಲೀಟರಿನದರಲ್ಲಿ ೬೭. ಅದೇ ಸ್ಪೀಕರು, ಕೊಟ್ಟ ಹಣವೂ ಅದೇ; ಪೆಟ್ಟಿಗೆ ಅರ್ಧವಾದುದರಿಂದ ಗಂಭೀರವಾದ ನಾದವು ಬರಿಯ ಗುದ್ದಾಗಿಬಿಟ್ಟಿತು. ಬೆಲೆಬಾಳುವ ಸ್ಪೀಕರನ್ನು ಕೊಂಡು ಸಿಕ್ಕಿದ ಡಬ್ಬಿಯಲ್ಲಿ ಕೂರಿಸುವವರು ಹೆಚ್ಚಾಗಿ ಈ ಗುದ್ದನ್ನೇ ಸಂಗೀತವೆಂದು ಭ್ರಮಿಸಿರುತ್ತಾರೆ.

ಹನ್ನೆರಡು ಅಂಗುಲದ ಸ್ಪೀಕರಿಗೆ ಮುಚ್ಚಿದ ಪೆಟ್ಟಿಗೆಯಾದರೆ ಸಾಮಾನ್ಯವಾಗಿ ೨೫ರಿಂದ ೩೫ ಲೀಟರು ಜಾಗ ಬೇಕಾಗುತ್ತದೆ. ಹಲಗೆಯ ಚೌಕ ಪೆಟ್ಟಿಗೆಯನ್ನಿಟ್ಟರೆ ಚಿಕ್ಕ ಕಾರಿನ ಡಿಕ್ಕಿಯಲ್ಲಿ ಊರಿಗೆ ಒಯ್ಯುವ ಮೂಟೆಗೆ ಸ್ಥಳವಿರುವುದಿಲ್ಲ. ಆದರೆ ಹಿಂದಿನ ಚಕ್ರದ ಉಬ್ಬಿಗೂ ದೀಪಕ್ಕೂ ನಡುವೆ ಒಂದು ಅಂಕುಡೊಂಕಾದ ಮೂಲೆ ಬರಿದೇ ಬಿದ್ದಿರುತ್ತದೆ. ಹಲಗೆಯು ಆ ಮೂಲೆಗೆ ಒಗ್ಗದು. ಗಾಜಿನ ನಾರು ಒಗ್ಗುತ್ತದೆ. ಮೇಲಾಗಿ ಬಾಗಿದ ಚಿಪ್ಪು ಚಪ್ಪಟೆ ಹಲಗೆಗಿಂತ ಬಿಗಿ, ಮೊಟ್ಟೆಯ ಚಿಪ್ಪಿನಂತೆ. ಗಾಜಿನ ನಾರು ಹೊಸ ವಸ್ತುವೇನೂ ಅಲ್ಲ. ೧೯೫೩ರಲ್ಲಿಯೇ ಅಮೆರಿಕದ ಕಾರ್ವೆಟ್ ಕಾರಿನ ಮೈಯನ್ನು ಇದರಿಂದ ಮಾಡಿದ್ದರು. ನಮ್ಮ ಪಕ್ಕದ ಬೆಂಗಳೂರಿನಲ್ಲಿ ೧೯೮೨ರಿಂದ ತಯಾರಾದ ಸಿಪಾನಿ ಡಾಲ್ಫಿನ್ ಎಂಬ ಪುಟ್ಟ ಕಾರಿನ ಮೈಯೂ ಗಾಜಿನ ನಾರಿನದೇ. ಇಂದು ಕಾರಿನ ಸಂಗೀತದ ಸಲಕರಣೆಗಳನ್ನು ಹುಡುಕಿ ನಮ್ಮ ಕಡೆಯವರು ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗುವುದುಂಟು.

ಈಗ ಮಾಡುವ ಕ್ರಮ. ಡಿಕ್ಕಿಯ ಆ ಮೂಲೆಗೆ ಕಾಗದದ ಅಂಟುಪಟ್ಟಿಯನ್ನು ಎರಡು ಮೂರು ಪದರ ಒತ್ತಾಗಿ ಅಂಟಿಸಿ, ಸುತ್ತಲಿನ ಜಾಗಕ್ಕೆಲ್ಲ ಪ್ಲಾಸ್ಟಿಕ್ ಹಾಳೆ ಹೊದಿಸುತ್ತಾರೆ. ಗಾಜಿನ ನಾರಿನ ಚಾಪೆಯಂತಹ ಹಾಳೆಗೆ ಮ್ಯಾಟ್ ಎನ್ನುತ್ತಾರೆ. ಅದನ್ನು ಅಂಗೈಯಗಲದ ತುಂಡುಗಳಾಗಿ ಹರಿದು, ರೆಸಿನ್ ಎಂಬ ಜೇನಿನಂತಹ ದ್ರವದಲ್ಲಿ ತೋಯಿಸಿ, ಒಂದರ ಮೇಲೊಂದು ಅಂಚು ಸೇರುವಂತೆ ಹಚ್ಚುತ್ತಾರೆ. ಗಾಳಿಯ ಗುಳ್ಳೆಗಳನ್ನು ಕುಂಚದಿಂದ ಕುಟ್ಟಿ ಹೊರಡಿಸುತ್ತಾರೆ. ಎರಡು ಮೂರು ಪದರ ಗಟ್ಟಿಯಾದ ಮೇಲೆ ಚಿಪ್ಪನ್ನು ಕಾರಿನಿಂದ ಬಿಡಿಸಿ ತೆಗೆದು, ಬಯಲಿನಲ್ಲಿಟ್ಟು ಮಿಕ್ಕ ಪದರಗಳನ್ನು ಕೂಡಿಸುತ್ತಾರೆ. ಚದರ ಮೀಟರಿಗೆ ೪೫೦ ಗ್ರಾಂ ತೂಗುವ ಮ್ಯಾಟು ಪದರವೊಂದಕ್ಕೆ ಸುಮಾರು ಒಂದು ಮಿಲಿಮೀಟರು ದಪ್ಪ ಕೊಡುತ್ತದೆ. ಆರು ಎಂಟು ಪದರಗಳಿಗೆ ಕಡಿಮೆಯಾದರೆ ಚಿಪ್ಪೇ ನಡುಗಿ ನಾದವು ಕೆಡುತ್ತದೆ.

ಮುಂಭಾಗಕ್ಕೆ ಮರದ ಬಳೆಯೊಂದನ್ನು ಕೊರೆದು, ಸ್ಪೀಕರು ಕೂರಬೇಕಾದ ಓರೆಯಲ್ಲಿ ಕಡ್ಡಿಗಳಿಂದ ನಿಲ್ಲಿಸಿ, ಬಳೆಯಿಂದ ಚಿಪ್ಪಿನ ಅಂಚಿನವರೆಗೆ ಬನಿಯನ್ನಿನಂತಹ ಹಿಗ್ಗುವ ಬಟ್ಟೆಯನ್ನು ಬಿಗಿಯಾಗಿ ಎಳೆದು ಕಟ್ಟುತ್ತಾರೆ. ಡೊಳ್ಳಿಗೆ ಚರ್ಮ ಬಿಗಿದಂತೆ ಕಾಣುವ ಆ ಬಟ್ಟೆಯು ರೆಸಿನ್ನನ್ನು ಕುಡಿದು ಒಣಗಿದಾಗ ಯಾವ ಬಡಗಿಯೂ ಕೆತ್ತಲಾರದಂತಹ ನುಣುಪಾದ ಬಾಗು ತಾನಾಗಿ ಮೂಡುತ್ತದೆ. ಈ ಕೆಲಸದಲ್ಲಿ ನಮಗೆ ಅತ್ಯಂತ ಚೆಲುವಾಗಿ ತೋರಿದುದು ಇದೊಂದೇ. ಆಮೇಲೆ ಒಳಗಿನಿಂದ ಮ್ಯಾಟು ಹಚ್ಚುವುದು, ಹೊರಗೆ ಪುಟ್ಟಿ ಬಳಿದು ಉಪ್ಪುಕಾಗದದಿಂದ ತಿಕ್ಕುವುದು, ಬಟ್ಟೆ ಹೊದಿಸುವುದು.

ಇನ್ನು ಆ ತಾಯಿಯ ಪ್ರಶ್ನೆಗೆ ಬರೋಣ. ರೆಸಿನ್ ತಾನಾಗಿ ಬೇಗನೆ ಗಟ್ಟಿಯಾಗದು. ಅದಕ್ಕೆ ಎರಡು ವಸ್ತುಗಳು ಬೇಕು. ಒಂದು, ನೇರಳೆ ಬಣ್ಣದ ಕೋಬಾಲ್ಟ್ ದ್ರಾವಣ. ಇನ್ನೊಂದು, ನೀರಿನಂತೆ ತಿಳಿಯಾದ ಹಾರ್ಡ್‌ನರ್. ಮೊದಲು ಕೋಬಾಲ್ಟನ್ನು ರೆಸಿನ್ನಿಗೆ ಬೆರೆಸಿ ಚೆನ್ನಾಗಿ ಕಲಕಿದ ಮೇಲೆಯೇ, ಕಿಲೋಗ್ರಾಮಿಗೆ ೧೦ರಿಂದ ೨೦ ಮಿಲಿಲೀಟರಿನಷ್ಟು ಹಾರ್ಡ್‌ನರನ್ನು ಹಾಕತಕ್ಕದ್ದು. ಇವೆರಡನ್ನು ಎಂದೆಂದಿಗೂ ನೇರವಾಗಿ ಒಂದಕ್ಕೊಂದು ಬೆರೆಸಕೂಡದು. ಬೆರೆಸಿದರೆ ಹೊತ್ತಿಕೊಳ್ಳುತ್ತದೆ, ಸಿಡಿಯುವುದೂ ಉಂಟು. ಒಂದೇ ಅಳತೆಯ ಲೋಟವನ್ನು ಎರಡಕ್ಕೂ ಬಳಸುವುದು, ಎರಡು ಶೀಸೆಗಳನ್ನು ಒಂದೇ ಗೂಡಿನಲ್ಲಿಡುವುದು, ಇಂತಹ ಸಣ್ಣ ಸೋಮಾರಿತನವೇ ಸಾಕು. ಹಾರ್ಡ್‌ನರಿನ ಒಂದು ಹನಿ ಕಣ್ಣಿಗೆ ಸಿಡಿದರೆ ದೃಷ್ಟಿಯೇ ಹೋಗಬಹುದು. ನೋಡುವುದಕ್ಕೆ ಅದು ನೀರಿನಂತಿರುವುದೇ ಅಪಾಯ.

ನಮ್ಮ ಹುಡುಗನಿಗೆ ಆದುದೂ ಇದೇ. ಶೀಸೆಯ ಬಿಗಿದ ಮುಚ್ಚಳವನ್ನು ಮುಖದ ಬಳಿ ಹಿಡಿದು ತಿರುಗಿಸಿದನು, ಹನಿ ಸಿಡಿಯಿತು. ಜೊತೆಯಲ್ಲಿದ್ದ ಹಿರಿಯ ಕೆಲಸಗಾರನು ಅವನ ತಲೆಯನ್ನು ಹಿಡಿದು ನಲ್ಲಿಯ ಕೆಳಗೆ ಬಗ್ಗಿಸಿ, ಹುಡುಗ ಎಷ್ಟು ಕೂಗಿಕೊಂಡರೂ ಬಿಡದೆ, ರೆಪ್ಪೆಯನ್ನು ಅಗಲಿಸಿ ಕಾಲು ಗಂಟೆಗೂ ಹೆಚ್ಚು ನೀರು ಹರಿಸಿ, ಆ ಬಳಿಕ ಆಸ್ಪತ್ರೆಗೆ ಕರೆದೊಯ್ದನು. ಮೊದಲು ಆಸ್ಪತ್ರೆಗೆ ಓಡಿದ್ದರೆ ಕಣ್ಣು ಉಳಿಯುತ್ತಿರಲಿಲ್ಲವೆಂದು ವೈದ್ಯರು ಹೇಳಿದರಂತೆ. ನೀರು ಮೊದಲು, ವೈದ್ಯರು ಆಮೇಲೆ. ಈ ಅನುಕ್ರಮವನ್ನು ತಂದೆತಾಯಂದಿರೂ ನೆನಪಿನಲ್ಲಿಡಬೇಕು. ಆ ಶೆಡ್ಡಿನಲ್ಲಿ ಅಂದು ಒಂದು ಜೊತೆ ರಕ್ಷಣೆಯ ಕನ್ನಡಕವೂ ಇರಲಿಲ್ಲ. ಅದರ ಬೆಲೆ ಅರ್ಧ ಕಿಲೋ ರೆಸಿನ್ನಿಗಿಂತ ಹೆಚ್ಚೇನೂ ಅಲ್ಲ.

ಇತರ ಕೇಡುಗಳು ನಿಧಾನವಾದವು. ರೆಸಿನ್ನಿನ ಆವಿಯು ತಲೆ ಸುತ್ತಿಸುತ್ತದೆ. ಆದುದರಿಂದ ಬಾಗಿಲು ಮುಚ್ಚಿದ ಕೋಣೆಯಲ್ಲಿ ಈ ಕೆಲಸ ಸಲ್ಲದು, ಬೀಡಿ ಬೆಂಕಿ ಹತ್ತಿರ ಸುಳಿಯಕೂಡದು. ಡಬ್ಬಿಯಲ್ಲಿ ಮಿಕ್ಕ ರೆಸಿನ್ ಗಟ್ಟಿಯಾಗುವಾಗ ತಾನೇ ಕಾದು ಹೊಗೆಯಾಡುವುದುಂಟು. ಅದನ್ನು ಕಸದ ಬುಟ್ಟಿಗೆ ಎಸೆಯದೆ ಬಯಲಿನಲ್ಲಿ ಆರಲು ಬಿಡಬೇಕು. ತಿಕ್ಕುವಾಗ ಏಳುವ ಧೂಳು ಗಾಜಿನ ಧೂಳು. ಮೈಗೆ ತಗುಲಿದರೆ ಎರಡು ದಿನದ ತುರಿಕೆ. ಶ್ವಾಸಕೋಶಕ್ಕೆ ಇಳಿದರೆ ಅಷ್ಟು ಸುಲಭವಲ್ಲ. ಮೂಗಿಗೆ ಕರವಸ್ತ್ರ ಸಾಲದು, ತಕ್ಕ ಮಾಸ್ಕೇ ಬೇಕು.

ವಿದ್ಯುತ್ತಿನ ವಿಷಯವನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇವೆ. ೬೦೦ ವಾಟಿನ ಆಂಪ್ಲಿಫೈಯರು ೧೨ ವೋಲ್ಟಿನ ಬ್ಯಾಟರಿಯಿಂದ ೫೦ ಆಂಪಿಯರು ಎಳೆಯುತ್ತದೆ; ತೆಳು ತಂತಿಯಾದರೆ ಕಾದು ಉರಿಯುತ್ತದೆ. ದಪ್ಪ ತಂತಿಯೂ ಬ್ಯಾಟರಿಯ ಬಳಿಯಲ್ಲೇ ಒಂದು ಫ್ಯೂಸೂ ಇಲ್ಲದೆ ಇದಕ್ಕೆ ಕೈಹಾಕಬಾರದು. ಸ್ಟೆಪ್ನಿ ಚಕ್ರಕ್ಕೆ ಪೆಟ್ಟಿಗೆಯು ಅಡ್ಡಬರಕೂಡದು, ಮತ್ತು ಅದನ್ನು ಬೋಲ್ಟುಗಳಿಂದ ಭದ್ರಪಡಿಸಿರಬೇಕು. ಗಟ್ಟಿಯಾಗಿ ಬ್ರೇಕು ಹಾಕಿದಾಗ ಹಿಂದಿನ ಸೀಟಿನಲ್ಲಿ ಮಕ್ಕಳಿರುತ್ತಾರೆ.

ಕಿವಿಗೂ ಒಂದು ಲೆಕ್ಕವಿದೆ. ೮೦ ಡೆಸಿಬಲ್ಲಿನ ಸದ್ದನ್ನು ವಾರಕ್ಕೆ ೪೦ ಗಂಟೆ ಕೇಳಬಹುದಾದರೆ, ೯೦ ಡೆಸಿಬಲ್ಲಿನದನ್ನು ೪ ಗಂಟೆ ಮಾತ್ರ ಎಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳುತ್ತದೆ. ನಮ್ಮ ದೇಶದ ೨೦೦೦ದ ಶಬ್ದಮಾಲಿನ್ಯ ನಿಯಮಗಳಲ್ಲಿ ವಸತಿ ಪ್ರದೇಶಕ್ಕೆ ಹಗಲು ೫೫, ರಾತ್ರಿ ೪೫ ಡೆಸಿಬಲ್ಲೆಂದು ಗೊತ್ತುಪಡಿಸಿದೆ. ಭರಣಿ ನಡುಗಿಸುವ ಕಾರು ಈ ಎಣಿಕೆಯನ್ನು ಎಂದೋ ದಾಟಿರುತ್ತದೆ.

ನಮ್ಮ ಹುಡುಗನ ಕಣ್ಣು ಐದು ವಾರಗಳಲ್ಲಿ ವಾಸಿಯಾಯಿತು. ಅವನು ಮತ್ತೆ ಅದೇ ಕೆಲಸಕ್ಕೆ ಹೋದನು. ಹೋಗಬೇಡವೆನ್ನಲು ನಮಗೆ ಬಾಯಿ ಬರಲಿಲ್ಲ. ಕನ್ನಡಕವನ್ನು ತಾಯಿಯೇ ಕೊಡಿಸಿದರು. ಬಳಿಕ ತಾನೊಬ್ಬನೇ ಮಾಡಿದ ಮೊದಲ ಪೆಟ್ಟಿಗೆಯನ್ನು ಅವನು ಮನೆಗೆ ತಂದಿದ್ದಾಗ ನಾವು ಹೋಗಿ ನೋಡಿದೆವು. ಅಂಕುಡೊಂಕಾದ ಪೆಟ್ಟಿಗೆಯ ಗಾತ್ರವನ್ನು ಅಳತೆಪಟ್ಟಿಯಿಂದ ತಿಳಿಯಲಾಗದು. ಒಳಗೆ ಕಾಳು ಸುರಿದು, ಲೀಟರಿನ ಪಾತ್ರೆಯಿಂದ ಅಳೆದು ತೆಗೆಯಬೇಕು. ಅವನು ಮನೆಯ ಮೂಟೆಯಿಂದ ರಾಗಿಯನ್ನು ಸುರಿದು ಅಳೆದನು. ಮೂವತ್ತೊಂದು ಪಾತ್ರೆ ಹಿಡಿಯಿತು. ಸ್ಪೀಕರಿನ ಮೈ ಆಕ್ರಮಿಸುವ ಮೂರು ಲೀಟರನ್ನು ಕಳೆದರೆ ಇಪ್ಪತ್ತೆಂಟು, ಬೇಕಾದಷ್ಟೇ. ಅವನ ಸಂತೋಷ ಹೇಳತೀರದು. ಆದರೆ ರಾಗಿಗೆಲ್ಲ ರೆಸಿನ್ನಿನ ವಾಸನೆ ಹತ್ತಿಹೋಗಿತ್ತು. ತಾಯಿ ಒಂದು ಹಿಡಿ ಮೂಸಿ ನೋಡಿ, “ಇನ್ನೊಂದು ಸಲ ಮರಳಲ್ಲಿ ಅಳಿಯೋ, ಮಗನೆ” ಎಂದವರೇ, ಅದನ್ನು ಕೋಳಿಗಳಿಗೂ ಹಾಕದೆ ಹಿತ್ತಲಿನ ಗುಂಡಿಯಲ್ಲಿ ಹೂಳಿಸಿದರು.