ಪಂದ್ಯದ ಕಾರು ಮತ್ತು ಅದರ ಹಿಂದಿನ ಅಚ್ಚು

ಮೋಟಾರು ಪಂದ್ಯವನ್ನು ನೋಡಹೋದವರ ಕಣ್ಣು ಮೊದಲು ಎಂಜಿನ್ನಿನ ಮೇಲೆ ಬೀಳುವುದು ಸಹಜ. ಗದ್ದಲವೆಲ್ಲ ಅದರದೇ ತಾನೆ! ಆದರೆ ಒಂದೇ ಬಗೆಯ ಎಂಜಿನ್ನುಳ್ಳ ಎರಡು ಕಾರುಗಳಲ್ಲಿ ಒಂದು ಮುಂದಾಗಿ ಇನ್ನೊಂದು ಹಿಂದುಳಿದರೆ, ಅದರ ಕಾರಣವು ಎಷ್ಟೋ ವೇಳೆ ಕಾರಿನ ಹಿಂಭಾಗದಲ್ಲಿ, ಎಣ್ಣೆಯಲ್ಲಿ ಮುಳುಗಿ ಯಾರ ಕಣ್ಣಿಗೂ ಬೀಳದೆ ತಿರುಗುವ ಎರಡು ಹಲ್ಲುಚಕ್ರಗಳಲ್ಲಿ ಅಡಗಿರುತ್ತದೆ.

ಎಂಜಿನ್ನಿನ ಶಕ್ತಿಯನ್ನು ಹಿಂದಕ್ಕೆ ಒಯ್ಯುವ ಉದ್ದನೆಯ ದಂಡದ ತುದಿಯಲ್ಲಿ ಪಿನಿಯನ್ ಎಂಬ ಚಿಕ್ಕ ಹಲ್ಲುಚಕ್ರವಿದೆ. ಅದು ಕ್ರೌನ್ ವೀಲ್ ಎಂಬ ದೊಡ್ಡ ಚಕ್ರವನ್ನು ತಿರುಗಿಸುತ್ತದೆ. ಆ ಚಕ್ರದಿಂದ ಎರಡು ಗಾಲಿಗಳಿಗೂ ಚಲನೆ ಸಿಗುತ್ತದೆ. ನಿಮ್ಮ ಸೈಕಲ್ಲಿನಲ್ಲಿ ದೊಡ್ಡ ಚಕ್ರವು ಚಿಕ್ಕದನ್ನು ತಿರುಗಿಸುವುದಷ್ಟೆ. ಇಲ್ಲಿ ವ್ಯವಸ್ಥೆ ತಿರುವುಮುರುವು. ಗಾಲಿಯ ಸುತ್ತುಗಳು ಕಡಮೆಯಾಗುತ್ತವೆ, ಅದೇ ಪ್ರಮಾಣದಲ್ಲಿ ತಿರುಗಿಸುವ ಬಲವು ಹೆಚ್ಚುತ್ತದೆ. ಹಲ್ಲುಚಕ್ರವು ಶಕ್ತಿಯನ್ನು ಹುಟ್ಟಿಸುವುದಿಲ್ಲ. ವೇಗವನ್ನು ಕೊಟ್ಟು ಬಲವನ್ನು ಕೊಳ್ಳುವ ವ್ಯಾಪಾರವನ್ನು ಮಾತ್ರ ನಡೆಸುತ್ತದೆ.

ಇಂಗ್ಲೆಂಡಿನ ಆಸ್ಟಿನ್-ಹೀಲಿ ಸ್ಪ್ರೈಟ್ ಎಂಬ ಪುಟ್ಟ ಕಾರನ್ನು ನಿದರ್ಶನಕ್ಕೆ ತೆಗೆದುಕೊಳ್ಳೋಣ. ಅದು ಹೊರಬಂದುದು 1958ರಲ್ಲಿ. ಎಂಜಿನ್ನು ಕೇವಲ 948 ಘನ ಸೆಂಟಿಮೀಟರಿನದು. ಆದರೂ ಮರುವರ್ಷವೇ ಅಮೆರಿಕದ ಸೆಬ್ರಿಂಗ್‌ನ 12 ಗಂಟೆಗಳ ಪಂದ್ಯದಲ್ಲಿ ತನ್ನ ವರ್ಗವನ್ನು ಗೆದ್ದಿತು. ಹಳೆಯ ಕಾರುಗಳ ಪಂದ್ಯಗಳಲ್ಲಿ ಇಂದಿಗೂ ಅದನ್ನು ಓಡಿಸುವವರಿದ್ದಾರೆ. ಕಾರ್ಖಾನೆಯಿಂದ ಬಂದಾಗ ಅದರ ಪಿನಿಯನ್ನಿಗೆ 9 ಹಲ್ಲು, ಕ್ರೌನ್ ವೀಲಿಗೆ 38, ಪ್ರಮಾಣ 4.22. ಅದೇ ಅಚ್ಚಿನೊಳಗೆ 10ಕ್ಕೆ 39, ಅಂದರೆ 3.9ರ ಜೋಡಿಯನ್ನೂ, 9ಕ್ಕೆ 41, ಅಂದರೆ 4.55ರ ಜೋಡಿಯನ್ನೂ ಕೂಡಿಸಬಹುದು.

ಈ ಸಂಖ್ಯೆಗಳು ಇಷ್ಟು ವಿಚಿತ್ರವಾಗಿರುವುದೇಕೆ? 10ಕ್ಕೆ 40 ಎಂದು ಸರಳವಾಗಿ ಇಡಬಾರದಾಗಿತ್ತೆ? ಗಣಿತದ ತರಗತಿಯಲ್ಲಿ ಕಲಿತ ಮಹತ್ತಮ ಸಾಮಾನ್ಯ ಅಪವರ್ತನವನ್ನು ಸ್ಮರಿಸಿಕೊಳ್ಳಿ. 10ಕ್ಕೆ 40 ಇದ್ದಿದ್ದರೆ ಪಿನಿಯನ್ನಿನ ಒಂದು ಹಲ್ಲು ಯಾವಾಗಲೂ ಅದೇ ನಾಲ್ಕು ಹಲ್ಲುಗಳನ್ನೇ ಸಂಧಿಸುತ್ತಿತ್ತು. ಒಂದರಲ್ಲಿದ್ದ ಕುಂದು ಆ ನಾಲ್ಕನ್ನೇ ಸವೆಸುತ್ತಿತ್ತು. 9 ಮತ್ತು 38ಕ್ಕೆ 1ರ ಹೊರತು ಸಾಮಾನ್ಯ ಅಪವರ್ತನವಿಲ್ಲ. ಆದುದರಿಂದ ಪ್ರತಿಯೊಂದು ಹಲ್ಲೂ ಎದುರಿನ ಪ್ರತಿಯೊಂದನ್ನೂ ಸರದಿಯ ಮೇಲೆ ಮುಟ್ಟಿ, 342 ಸಂಧಿಗಳಾದ ಮೇಲೆಯೇ ಹಳೆಯ ಜೊತೆಗಾರನ ಬಳಿಗೆ ಮರಳುತ್ತದೆ. ಸವೆತವು ಎಲ್ಲಕ್ಕೂ ಸಮನಾಗಿ ಹಂಚಿಹೋಗುತ್ತದೆ.

ಇನ್ನು ಆಯ್ಕೆಯ ಮಾತು. ಗಾಲಿಯು ಒಂದು ಸುತ್ತಿಗೆ ಸುಮಾರು 1.74 ಮೀಟರು ಉರುಳುವುದೆಂದೂ, ಪಂದ್ಯಕ್ಕಾಗಿ ಹದಗೊಳಿಸಿದ ಎಂಜಿನ್ನು ನಿಮಿಷಕ್ಕೆ 6000 ಸುತ್ತು ತಾಳಬಲ್ಲುದೆಂದೂ ಇಟ್ಟುಕೊಳ್ಳೋಣ. ಮೇಲಿನ ಗೇರಿನಲ್ಲಿ ದಂಡವು ಎಂಜಿನ್ನಿನಷ್ಟೇ ವೇಗವಾಗಿ ತಿರುಗುತ್ತದೆ. 6000ವನ್ನು 4.22ರಿಂದ ಭಾಗಿಸಿ, 1.74ರಿಂದ ಗುಣಿಸಿ, ಗಂಟೆಗೆ ಪರಿವರ್ತಿಸಿದರೆ ಸುಮಾರು 148 ಕಿಲೋಮೀಟರು ಬರುತ್ತದೆ. 4.55ರಲ್ಲಿ ಅದು 138, 3.9ರಲ್ಲಿ 161.

ಹಾಗಾದರೆ 3.9ನ್ನೇ ಹಾಕಿಬಿಡಬಾರದೇಕೆ? ಲೆಕ್ಕವು ಕಾಗದದ ಮೇಲೆ ಹಾಗೆ ಹೇಳಿದರೂ ಎದುರುಗಾಳಿ ಒಪ್ಪಬೇಕಷ್ಟೆ. ವೇಗ ಹೆಚ್ಚಿದಂತೆ ಗಾಳಿಯ ಪ್ರತಿರೋಧವು ವೇಗದ ವರ್ಗದಂತೆ ಏರುತ್ತದೆ. ಬಲ ಸಾಲದೆ ಎಂಜಿನ್ನು 5400 ಸುತ್ತಿನಲ್ಲೇ ನಿಂತುಬಿಟ್ಟರೆ ಕಾರಿನ ವೇಗ 145ಕ್ಕಿಂತ ಮೇಲೇರದು. ವೇಗಕ್ಕೆಂದೇ ಹಾಕಿದ ಗೇರು ಹೀಗೆ ಕಾರನ್ನು ನಿಧಾನಗೊಳಿಸುವುದುಂಟು! 4.55ರ ಗುಣ ಬೇರೆ. ಅದು 3.9ಕ್ಕಿಂತ ಸುಮಾರು ನೂರಕ್ಕೆ 17ರಷ್ಟು ಹೆಚ್ಚು ಬಲವನ್ನು ಗಾಲಿಗೆ ಕೊಡುತ್ತದೆ. ತಿರುವಿನಿಂದ ಹೊರಬಂದ ಕಾರು ಚಿಮ್ಮಿದಂತೆ ಮುನ್ನುಗ್ಗುತ್ತದೆ. ಆದರೆ ಪಥದ ನೇರ ಭಾಗ ಮುಗಿಯುವ ಮುನ್ನವೇ ಎಂಜಿನ್ನು ತನ್ನ ಎಲ್ಲೆಯನ್ನು ಮುಟ್ಟಿದರೆ, ಚಾಲಕನು ಕಾಲು ಸಡಿಲಿಸಬೇಕು, ಇಲ್ಲವೆ ಎಂಜಿನ್ನನ್ನು ಕಳೆದುಕೊಳ್ಳಬೇಕು.

ಆದಕಾರಣ ಗೇರನ್ನು ಆರಿಸುವವನು ಮೊದಲು ಪಥವನ್ನು ಓದಬೇಕು. ಅತ್ಯಂತ ಉದ್ದವಾದ ನೇರ ಭಾಗದ ಕೊನೆಯಲ್ಲಿ, ಬ್ರೇಕು ಒತ್ತುವ ಕ್ಷಣಕ್ಕೆ ಸರಿಯಾಗಿ ಎಂಜಿನ್ನು ತನ್ನ ಎಲ್ಲೆಯನ್ನು ತಲುಪಬೇಕೆಂಬುದು ಸಾಮಾನ್ಯ ಸೂತ್ರ. ಫ್ರಾನ್ಸಿನ ಲ ಮಾನ್ ಪಥದಲ್ಲಿ 1990ರ ಮುನ್ನ ಸುಮಾರು 6 ಕಿಲೋಮೀಟರು ಉದ್ದದ ನೇರ ದಾರಿಯಿತ್ತು. ಅಲ್ಲಿಗೆ ತಕ್ಕ ಗೇರು ಇಂಗ್ಲೆಂಡಿನ ಬ್ರ್ಯಾಂಡ್ಸ್ ಹ್ಯಾಚ್‌ನ ಗಿಡ್ಡ ಪಥಕ್ಕೆ ಹೊಂದದು. ನಮ್ಮ ಚೆನ್ನೈಯ ಬಳಿಯ ಶೋಲಾವರಂನಲ್ಲಿ ಹಿಂದೆ ಹಳೆಯ ವಿಮಾನದ ಓಡುದಾರಿಯ ಮೇಲೆ ಪಂದ್ಯಗಳು ನಡೆಯುತ್ತಿದ್ದವು. 1990ರಲ್ಲಿ ಇರುಂಗಾಟುಕೋಟೈ ಪಥವು ತೆರೆಯಿತು. ಓಡುದಾರಿಗೆಂದು ಹಾಕಿದ ಲೆಕ್ಕವು ತಿರುವುಗಳಿಗೆಂದೇ ಕಟ್ಟಿದ ಪಥಕ್ಕೆ ಸಲ್ಲದೆಂದು ಬೇರೆ ಹೇಳಬೇಕಾಗಿಲ್ಲ. ನನ್ನ ಮಟ್ಟಿಗೆ ಹೇಳುವುದಾದರೆ, ಸಂದೇಹ ಬಂದಾಗ ತಿರುವಿನ ಪಕ್ಷ ವಹಿಸುವುದೇ ಲೇಸು. ತಿರುವಿನಿಂದ ಹೊರಡುವಾಗ ಗಳಿಸಿದ ವೇಗವು ಮುಂದಿನ ನೇರ ದಾರಿಯುದ್ದಕ್ಕೂ ಜೊತೆಗೆ ಬರುತ್ತದೆ. ಟೈರು ಬದಲಾದರೆ ಈ ಲೆಕ್ಕವನ್ನೆಲ್ಲ ಹೊಸದಾಗಿ ಮಾಡಬೇಕೆಂಬುದು ನೆನಪಿರಲಿ.

ಅಮೆರಿಕದ ಮಿಜೆಟ್ ಎಂಬ ಕಿರಿಯ ಪಂದ್ಯದ ಕಾರುಗಳವರು ಇನ್ನೊಂದು ಉಪಾಯ ಕಂಡುಕೊಂಡರು. ಹ್ಯಾಲಿಬ್ರ್ಯಾಂಡ್ ಮಾದರಿಯ ಅಚ್ಚಿನ ಹಿಂಬದಿಯ ಮುಚ್ಚಳವನ್ನು ತೆಗೆದರೆ ಸಾದಾ ಹಲ್ಲುಚಕ್ರಗಳ ಒಂದು ಜೋಡಿ ಕೈಗೆ ಸಿಗುತ್ತದೆ. ಅವೆರಡರ ಸ್ಥಾನಗಳನ್ನು ಅದಲುಬದಲು ಮಾಡಿದರೂ ಸಾಕು, ಪ್ರಮಾಣ ಬದಲಾಗುತ್ತದೆ. ಸ್ಪ್ರೈಟಿನವರಿಗೆ ಆ ಸೌಕರ್ಯವಿಲ್ಲ. ಆದರೆ ಅದರ ಹಲ್ಲುಚಕ್ರಗಳ ಗೂಡು ಇಡಿಯಾಗಿ ಮುಂಬದಿಯಿಂದ ಹೊರಬರುವುದರಿಂದ, ಮೇಜಿನ ಮೇಲೆ ಹೊಂದಿಸಿಟ್ಟ ಬೇರೊಂದು ಗೂಡನ್ನು ತಂದು ಕೂಡಿಸಬಹುದು.

ಆ ಹೊಂದಿಸುವ ಕೆಲಸದಲ್ಲಿಯೇ ನಿಜವಾದ ತಾಳ್ಮೆ ಬೇಕು. ಪಿನಿಯನ್ನೂ ಕ್ರೌನ್ ವೀಲೂ ಒಟ್ಟಿಗೆ ಅರೆದು ನಯಗೊಳಿಸಿದ ಜೋಡಿ. ಒಂದನ್ನು ಇಲ್ಲಿಂದ, ಇನ್ನೊಂದನ್ನು ಅಲ್ಲಿಂದ ತರಲಾಗದು. ಪಿನಿಯನ್ನು ಎಷ್ಟು ಒಳಗೆ ನಿಲ್ಲಬೇಕೆಂಬುದನ್ನು ಕಾಗದದಷ್ಟು ತೆಳುವಾದ ಉಕ್ಕಿನ ಬಿಲ್ಲೆಗಳಿಂದ ನಿರ್ಧರಿಸುತ್ತಾರೆ. ಬಳಿಕ ಹಲ್ಲುಗಳ ನಡುವಣ ಸಡಿಲವನ್ನು ಡಯಲ್ ಗೇಜಿನಿಂದ ಅಳೆಯುತ್ತಾರೆ. ಅದು ಸುಮಾರು 0.15 ಮಿಲಿಮೀಟರು ಇರಬೇಕು. ಆಯಾ ಜೋಡಿಗೆ ತಯಾರಕರು ಗೊತ್ತುಮಾಡಿದ ಅಳತೆಯೇ ಪ್ರಮಾಣ. ಸಡಿಲವೇ ಇಲ್ಲದಿದ್ದರೆ ಕಾದು ಹಿಗ್ಗಿದ ಹಲ್ಲುಗಳು ಒಂದನ್ನೊಂದು ಹಿಸುಕುತ್ತವೆ. ಅತಿಯಾದರೆ ಗೇರು ಬದಲಿಸಿದಾಗಲೆಲ್ಲ ಸುತ್ತಿಗೆಯಂತೆ ಬಡಿಯುತ್ತವೆ.

ಕೊನೆಯ ಪರೀಕ್ಷೆ ಬಣ್ಣದ್ದು. ಹಲ್ಲುಗಳಿಗೆ ತೆಳುವಾಗಿ ಬಣ್ಣ ಸವರಿ ಚಕ್ರವನ್ನು ಕೈಯಿಂದ ತಿರುಗಿಸಿದರೆ, ಅವು ತಾಗಿದಲ್ಲಿ ಗುರುತು ಮೂಡುತ್ತದೆ. ಗುರುತು ಹಲ್ಲಿನ ಬುಡದ ಕಡೆಗಿದ್ದರೆ ಪಿನಿಯನ್ನು ಅತಿಯಾಗಿ ಒಳಸರಿದಿದೆ. ತುದಿಯ ಕಡೆಗಿದ್ದರೆ ಹೊರಗೆ ಉಳಿದಿದೆ. ಉದ್ದದಲ್ಲಿ ಅದು ನಡುವಿನಿಂದ ತುಸು ಒಳಬದಿಗೆ ಇರುವುದು ಒಳ್ಳೆಯದು, ಏಕೆಂದರೆ ಎಂಜಿನ್ನಿನ ಭಾರ ಬಿದ್ದಾಗ ಅದು ಹೊರಬದಿಗೆ ಸರಿಯುತ್ತದೆ. ಇಷ್ಟೊಂದು ಸೂಕ್ಷ್ಮತೆ ಏತಕ್ಕೆಂದು ಕೇಳುವವರುಂಟು. ತಪ್ಪು ಜಾಗದಲ್ಲಿ ತಾಗಿದ ಹಲ್ಲು ಮುರಿದು ಎರಡು ಚಕ್ರಗಳ ನಡುವೆ ಸಿಕ್ಕಿಕೊಂಡರೆ, ಗಂಟೆಗೆ 140 ಕಿಲೋಮೀಟರು ವೇಗದಲ್ಲಿ ಹಿಂದಿನ ಗಾಲಿಗಳು ಥಟ್ಟನೆ ನಿಲ್ಲುತ್ತವೆ. ಆಗ ಚಾಲಕನ ಕೈಯಲ್ಲಿ ಏನೂ ಉಳಿಯುವುದಿಲ್ಲ.

ಹೊಸ ಜೋಡಿಯನ್ನು ಒಮ್ಮೆಲೇ ಪಂದ್ಯಕ್ಕೆ ಇಳಿಸಬಾರದು. ಮೊದಲು ಸಾವಕಾಶವಾಗಿ ಓಡಿಸಿ, ತಣಿಯಲು ಬಿಟ್ಟು, ಎಣ್ಣೆಯನ್ನು ಬಸಿದು ನೋಡಬೇಕು. ಅದರಲ್ಲಿ ಬೂದಿಯಂತೆ ನುಣುಪಾದ ಲೋಹದ ಪುಡಿ ಅಲ್ಪಸ್ವಲ್ಪ ಕಂಡರೆ ಚಿಂತೆಯಿಲ್ಲ. ಬೆರಳಿಗೆ ಮರಳಿನಂತೆ ಚುಚ್ಚುವ ಚೂರು ಒಂದೇ ಒಂದು ಸಿಕ್ಕಿದರೂ ಗೂಡನ್ನು ಮತ್ತೆ ಬಿಚ್ಚಬೇಕು.